ಯಾರದೋ ದುಡ್ಡು, ಯಾರದೋ ಸಾವು

1940ನೇ ಇಸವಿ ಸೆಪ್ಟೆಂಬರ್ 25. ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ವುಲ್ವರ್ಟನ್ ಎಂಬ ಹಳ್ಳಿಯ ಹೊಲದಲ್ಲಿ ಒಂದು ಸ್ಪಿಟ್‌ಫೈರ್ ಯುದ್ಧವಿಮಾನ ಬಿತ್ತು. ಅದನ್ನು ಹಾರಿಸುತ್ತಿದ್ದವನು 20 ವರ್ಷದ ಹುಡುಗ, ಸಾರ್ಜೆಂಟ್ ಕೆನೆತ್ ಹಾಲೆಂಡ್. ಆಸ್ಟ್ರೇಲಿಯಾದ ಸಿಡ್ನಿ ಕಡೆ ಹುಟ್ಟಿದವನು. ಮೀಸೆ ಮೂಡುವ ವಯಸ್ಸಿನಲ್ಲಿ ಸಮುದ್ರ ದಾಟಿ ಇಂಗ್ಲೆಂಡಿಗೆ ಬಂದು, ಅಲ್ಲಿನ ವಾಯುಪಡೆಯ ಸ್ವಯಂಸೇವಕ ದಳ ಸೇರಿದವನು. ಆ ದಿನ ಜರ್ಮನಿಯ ಬಾಂಬರ್ ವಿಮಾನಗಳ ಹಿಂಡು ಬ್ರಿಸ್ಟಲ್ ಹತ್ತಿರದ ಫಿಲ್ಟನ್ ವಿಮಾನ ಕಾರ್ಖಾನೆಯ ಮೇಲೆ ಬಾಂಬು ಸುರಿಯಿತು. ಅಲ್ಲಿನ ಕೆಲಸಗಾರರೂ ಸೇರಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ಹಿಂಡಿನ ಒಂದು ಹೈಂಕೆಲ್ ವಿಮಾನದ ಬೆನ್ನು ಹತ್ತಿದ ಹಾಲೆಂಡ್ ಅದನ್ನು ಹೊಡೆದ. ಇನ್ನೂ ಹತ್ತಿರ ಹೋದ. ಅದರ ಬಂದೂಕುಗಾರನ ಗುಂಡು ಇವನಿಗೆ ಬಡಿಯಿತು. ಎರಡೂ ವಿಮಾನಗಳು ನೆಲಕ್ಕೆ ಬಿದ್ದವು. ಆ ಇನ್ನೊಂದು ವಿಮಾನದಲ್ಲೂ ಸತ್ತವರಿದ್ದರು, ಅವರೂ ಯಾರೋ ತಾಯಂದಿರ ಮಕ್ಕಳೇ.

ಈ ಸಂಗತಿಯನ್ನು ಸೈದಾಪುರದ ಕಟ್ಟೆಯ ಮೇಲೆ ಕೂತವರಿಗೆ ಹೇಳಿದರೆ ಬರುವ ಮೊದಲ ಮಾತು, 'ಬಿಳಿ ಮಂದಿ ಜಗಳದಾಗ ಬಿಳಿ ಹುಡುಗ ಸತ್ತ. ಅದರಾಗ ನಮ್ಮದೇನದ?' ಎಂಬುದೇ. ಪ್ರಶ್ನೆ ನ್ಯಾಯವಾದದ್ದು. ನಮ್ಮ ಕೇರಿಯವರು ಹಸಿವಿನಿಂದ, ಕಾಲರಾದಿಂದ, ದಣಿಯ ಹೊಡೆತದಿಂದ ಸತ್ತಾಗ ಸಿಡ್ನಿಯಲ್ಲಿ ಯಾರೂ ಕಣ್ಣೀರು ಹಾಕಲಿಲ್ಲ. ಸಿಡ್ನಿ ದೂರ ಹೋಗಲಿ, ನಾಲ್ಕು ಹೆಜ್ಜೆ ಆಚೆಗಿನ ಊರೊಳಗೂ ಹಾಕಲಿಲ್ಲ. ಹೀಗಿರುವಾಗ ಆ ಹುಡುಗನ ಸಾವಿನ ವಿಚಾರ ನಮಗೆ ಯಾಕೆ ಬೇಕು?

ಬೇಕು. ಯಾಕೆಂದರೆ ಅವನಿಗೂ ನಮಗೂ ಸಂಬಂಧ ಇದೆ. ಅದು ರಕ್ತದ ಸಂಬಂಧ ಅಲ್ಲ, ರೊಕ್ಕದ ಸಂಬಂಧ.

ಹಾಲೆಂಡ್ ಇದ್ದದ್ದು ಬ್ರಿಟಿಷ್ ವಾಯುಪಡೆಯ 152ನೇ ಸ್ಕ್ವಾಡ್ರನ್ನಿನಲ್ಲಿ. ಚರಿತ್ರೆಯ ಪುಸ್ತಕಗಳು ಅದನ್ನು ಪೂರ್ತಿ ಹೆಸರಿನಿಂದ ಕರೆಯುವುದು '152 (ಹೈದರಾಬಾದ್) ಸ್ಕ್ವಾಡ್ರನ್' ಎಂದು. ಅದರ ಲಾಂಛನದಲ್ಲಿ ಇರುವುದು ಹೈದರಾಬಾದಿನ ನಿಜಾಮನ ದಸ್ತಾರು, ಅಂದರೆ ತಲೆಯ ರುಮಾಲು. ಅದರ ಧ್ಯೇಯವಾಕ್ಯದ ಅರ್ಥ 'ನಿಷ್ಠಾವಂತ ಮಿತ್ರ'. ಇಂಗ್ಲೆಂಡಿನ ಆಕಾಶ ಕಾಯುವ ತುಕಡಿಗೆ ದಖ್ಖನ್ನಿನ ರುಮಾಲು ಹೇಗೆ ಬಂತು? ನಿಜಾಮ ರೊಕ್ಕ ಕೊಟ್ಟ, ಬ್ರಿಟಿಷರು ಹೆಸರು ಕೊಟ್ಟರು. ಇದೊಂದೇ ಅಲ್ಲ. 110 ಮತ್ತು 253ನೇ ಸ್ಕ್ವಾಡ್ರನ್‌ಗಳಿಗೂ ಹೈದರಾಬಾದಿನ ಹೆಸರಿದೆ. ಮೊದಲನೆಯ ಮಹಾಯುದ್ಧದಲ್ಲೇ, 1918ರಲ್ಲಿ, 110ನೇ ಸ್ಕ್ವಾಡ್ರನ್ ಫ್ರಾನ್ಸಿಗೆ ಹೋದಾಗ ಅದರ ವಿಮಾನಗಳು ನಿಜಾಮನ ಕಾಣಿಕೆಯಾಗಿದ್ದವು. ಕೊಟ್ಟವನ ಹೆಸರನ್ನು ವಿಮಾನದ ಮೈಮೇಲೆಯೇ ಬರೆದಿದ್ದರು. ಅವುಗಳಲ್ಲಿ ಒಂದು ಜರ್ಮನರ ಕೈಗೆ ಸಿಕ್ಕು, ಯುರೋಪಿನಲ್ಲಿ ಅಲೆದು, 1977ರಲ್ಲಿ ಇಂಗ್ಲೆಂಡಿಗೆ ಮರಳಿ ಲಂಡನ್ನಿನ ವಾಯುಪಡೆ ಮ್ಯೂಸಿಯಂ ಸೇರಿತು.

ಈಗ ಕೇಳೋಣ: ನಿಜಾಮನ ರೊಕ್ಕ ಎಲ್ಲಿಂದ ಬಂತು? 1911ರಿಂದ 1948ರವರೆಗೆ ಆಳಿದ ಮೀರ್ ಉಸ್ಮಾನ್ ಅಲಿ ಖಾನನನ್ನು ಜಗತ್ತಿನ ಅತಿ ದೊಡ್ಡ ಶ್ರೀಮಂತ ಎಂದು ಅಮೆರಿಕದ ಟೈಮ್ ಪತ್ರಿಕೆ 1937ರಲ್ಲಿ ಮುಖಪುಟದಲ್ಲಿ ಹಾಕಿತು. ಆ ಶ್ರೀಮಂತ ಒಂದು ದಿನವಾದರೂ ಜ್ವಾಳದ ಹೊಲದಾಗ ಕಳೆ ಕಿತ್ತಾನೇನು? ಹತ್ತಿ ಬಿಡಿಸ್ಯಾನೇನು? ಸೈದಾಪುರ, ಯಾದಗಿರಿ, ಶಹಾಪುರ, ಸುರಪುರ ಎಲ್ಲವೂ ಅವನ ರಾಜ್ಯದ ನೆಲ. ಇಲ್ಲಿ ಬೆಳೆದದ್ದರ ಪಾಲು ಪಟೇಲನ ಕೈದಾಟಿ, ಕುಲಕರ್ಣಿಯ ಲೆಕ್ಕ ದಾಟಿ, ತಹಶೀಲಿಗೆ ಹೋಗಿ, ಅಲ್ಲಿಂದ ಖಜಾನೆಗೆ ಹೋಗುತ್ತಿತ್ತು. ಹೊಲ ಬೇರೆಯವರದು, ಬೆವರು ನಮ್ಮದು. ಕೇರಿಯವರ ಹೆಸರಿನಲ್ಲಿ ಕಂದಾಯದ ರಸೀದಿ ಇಲ್ಲ ಅಂದರೆ ನಾವು ಕಂದಾಯ ಕೊಟ್ಟಿಲ್ಲ ಎಂದಲ್ಲ. ಹೊಲದ ಒಡೆಯ ಕೊಟ್ಟ ಪ್ರತಿ ರೂಪಾಯಿಯ ಕೆಳಗೆ ಕೂಲಿಯಿಲ್ಲದೆ ದುಡಿದವನ ರಟ್ಟೆ ಇತ್ತು. ಸಾಲಕ್ಕೆ ಮೈ ಬರೆದುಕೊಟ್ಟು ತಲೆಮಾರು ತಲೆಮಾರು ದುಡಿಯುವ 'ಭಗೇಲಾ' ಪದ್ಧತಿ ಆ ರಾಜ್ಯದಲ್ಲಿ ಎಷ್ಟು ಬೇರುಬಿಟ್ಟಿತ್ತೆಂದರೆ 1936ರಲ್ಲಿ ಸರಕಾರವೇ ಅದಕ್ಕೊಂದು ಕಾಯಿದೆ ಮಾಡಬೇಕಾಯಿತು. ಕಾಯಿದೆ ಕಾಗದದಲ್ಲಿ ಉಳಿಯಿತು, ಆಳು ದನದ ಕೊಟ್ಟಿಗೆಯಲ್ಲಿ ಉಳಿದ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಒಂದು ಸ್ಪಿಟ್‌ಫೈರ್ ಕಾಣಿಕೆ ಕೊಡಲು ಬ್ರಿಟಿಷ್ ಸರಕಾರ ಗೊತ್ತುಮಾಡಿದ್ದ ದರ 5,000 ಪೌಂಡು. ಆಗಿನ ವಿನಿಮಯದಲ್ಲಿ ಬ್ರಿಟಿಷ್ ಇಂಡಿಯಾದ 66,000 ರೂಪಾಯಿಗೂ ಹೆಚ್ಚು. ಹೊಲದಲ್ಲಿ ದುಡಿದು ಸಂಜೆಗೆ ಸೆರಗಿನಲ್ಲಿ ಜೋಳ ಕಟ್ಟಿಸಿಕೊಂಡು ಬರುತ್ತಿದ್ದ ಹೆಣ್ಣುಮಗಳಿಗೆ ಈ ಲೆಕ್ಕ ಹೇಳಿದ್ದರೆ ಅವಳು ನಕ್ಕೇನು ಬಿಡುತ್ತಿದ್ದಳೋ, ಹೆದರಿಯೇನು ಓಡುತ್ತಿದ್ದಳೋ. ಯಾವ ಊರಿನ ಕಂದಾಯ ಯಾವ ವಿಮಾನದ ರೆಕ್ಕೆಯಾಯಿತು ಎಂದು ಯಾರೂ ಬೆರಳಿಟ್ಟು ತೋರಿಸಲಾರರು. ಖಜಾನೆಯ ಗುಣವೇ ಅದು. ಅಲ್ಲಿ ಬಿದ್ದ ರೊಕ್ಕ ತನ್ನ ಊರನ್ನು ಮರೆಯುತ್ತದೆ, ತನ್ನ ಬೆವರಿನ ವಾಸನೆ ಕಳೆದುಕೊಳ್ಳುತ್ತದೆ. ಹೊರಗೆ ಬರುವಾಗ ಅದಕ್ಕೆ ಒಂದೇ ಹೆಸರು, ದೊರೆಯ ಹೆಸರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ನಿಜಾಮ ಮುಸಲ್ಮಾನ ಅನ್ನುವ ಕಾರಣಕ್ಕೆ ನಾವು ಇದನ್ನು ಹೇಳುತ್ತಿಲ್ಲ. ಅವನ ಹೆಸರಿನಲ್ಲಿ ನಮ್ಮ ಊರುಗಳಲ್ಲಿ ಬಾರುಕೋಲು ಹಿಡಿದ ದೇಸಾಯಿ, ದೇಶಮುಖ, ಪಟೇಲ, ಕುಲಕರ್ಣಿಗಳು ಯಾವ ದೇವರಿಗೆ ಕೈಮುಗಿಯುತ್ತಿದ್ದರು ಎಂದು ನಮಗೆ ಗೊತ್ತು. ಅತ್ತ ಮೈಸೂರಿನ ಮಹಾರಾಜರೂ 1914ರಲ್ಲಿ ಬ್ರಿಟಿಷರ ಯುದ್ಧಕ್ಕೆ 50 ಲಕ್ಷ ರೂಪಾಯಿ ಕೊಟ್ಟರು. ಅದೂ ಯಾರದೋ ಗದ್ದೆಯ ಬೆವರೇ. ದೊರೆಗಳ ದೇವರು ಬೇರೆ ಬೇರೆ ಇರಬಹುದು, ಅವರು ಕೊಡುವ ದಾನದ ರೀತಿ ಒಂದೇ.

'ನಿಷ್ಠಾವಂತ ಮಿತ್ರ' ಎಂಬ ಆ ಎರಡು ಪದಗಳನ್ನೂ ಸ್ವಲ್ಪ ಕೆದಕಿ ನೋಡಬೇಕು. ನಿಜಾಮನಿಗೆ ಬ್ರಿಟಿಷರು ಕೊಟ್ಟ ಬಿರುದು ಅದು. ಆ ನಿಷ್ಠೆಯ ಬೇರು ಎಲ್ಲಿದೆ? 1857-58ರ ದಂಗೆಯಲ್ಲಿ ನಿಜಾಮನ ಸರಕಾರ ಬ್ರಿಟಿಷರ ಪಕ್ಕದಲ್ಲಿ ನಿಂತಿತು. ನಮ್ಮ ಸುರಪುರದ ರಾಜಾ ವೆಂಕಟಪ್ಪ ನಾಯಕ ಎದುರು ನಿಂತ. 1858ರಲ್ಲಿ ಅವನು ಸೆರೆಯಲ್ಲೇ ಗುಂಡಿಗೆ ಬಲಿಯಾದ. 1860ರಲ್ಲಿ ಬ್ರಿಟಿಷರು ಸುರಪುರದ ಸೀಮೆಯನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟರು. ಮಣ್ಣು, ಕೆರೆ, ಗುಡ್ಡ ಮತ್ತು ಅದರ ಮೇಲಿದ್ದ ಮಂದಿ ಎಲ್ಲವನ್ನೂ ಸೇರಿಸಿ ಕೊಟ್ಟರು. ಅಂದರೆ ಆ ನಿಷ್ಠೆಗೆ ಸಿಕ್ಕ ಕೂಲಿ ನಾವೇ. ಮುಂದೆ ಎಂಬತ್ತು ವರ್ಷಕ್ಕೆ ಅದೇ ನಿಷ್ಠೆಯ ಹೆಸರಿನಲ್ಲಿ ವಿಮಾನಗಳು ಹಾರಿದವು. ಬೇಡರ ನಾಯಕನೊಬ್ಬನ ಹೆಣದಿಂದ ಸಿಡ್ನಿಯ ಹುಡುಗನ ಹೆಣದವರೆಗೆ ಒಂದೇ ದಾರ ಎಳೆದಂತಿದೆ. ಆ ದಾರದ ಎರಡೂ ತುದಿ ನಮ್ಮ ಕೈಯಲ್ಲಿ ಇರಲಿಲ್ಲ.

ನಮ್ಮ ಮಂದಿಯಲ್ಲಿ ಒಂದು ಗಾದೆ ಇದೆ: ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಅಂದವರು ನಕ್ಕು ಅಂದಿರಬಹುದು. ಆದರೆ ಆ ಗಾದೆಯೊಳಗೆ ಒಂದು ದೊಡ್ಡ ನೀತಿಯ ಪ್ರಶ್ನೆ ಇದೆ. ಬೇರೆಯವರದನ್ನು, ಅವರನ್ನು ಕೇಳದೆ, ಕೊಟ್ಟರೆ ಅದು ದಾನ ಹೇಗಾಗುತ್ತದೆ? ನಮ್ಮ ದೇಶದ ಶಾಸನಗಳ ತುಂಬ ದಾನಗಳೇ. ರಾಜ ಊರು ಕೊಟ್ಟ, ಕೆರೆ ಕೊಟ್ಟ, ಗದ್ದೆ ಕೊಟ್ಟ ಎಂದು ಕಲ್ಲು ಸಾಕ್ಷಿ ಹೇಳುತ್ತದೆ. ಆ ಊರಿನಲ್ಲಿ ಇದ್ದವರನ್ನು ಕೇಳಿ ಕೊಟ್ಟನೇ ಎಂದು ಯಾವ ಕಲ್ಲೂ ಹೇಳುವುದಿಲ್ಲ. ಇದಕ್ಕೆ ಎದುರಾಗಿ ಹನ್ನೆರಡನೆಯ ಶತಮಾನದ ಶರಣರು ದಾಸೋಹ ಎಂಬ ಬೇರೆ ಮಾತನ್ನು ತಂದರು. ಲಿಂಗಸೂಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಅಕ್ಕಿ ಆಯ್ದು ತಂದು ಶರಣರಿಗೆ ಉಣಿಸುವವನು. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ ಆಕೆ ಒಳಗೆ ತಗೊಳ್ಳಲಿಲ್ಲ. ತಂದಲ್ಲೇ ಸುರಿದು ಬಾ ಎಂದಳು. ಕೊಡುವ ಕೈ ಎಷ್ಟು ದೊಡ್ಡದು ಎಂದು ಆಕೆ ನೋಡಲಿಲ್ಲ, ಅಕ್ಕಿ ಎಲ್ಲಿಂದ ಬಂತು ಎಂದು ನೋಡಿದಳು. ಆ ಬಡ ಹೆಣ್ಣುಮಗಳ ತಕ್ಕಡಿಯಲ್ಲಿ ನಿಜಾಮನ ವಿಮಾನಗಳನ್ನು ಇಟ್ಟು ತೂಗಿದರೆ ದಾನ ಎಂಬ ಪದ ಮೇಲಕ್ಕೆ ಹಾರಿಹೋಗುತ್ತದೆ. ಉಳಿಯುವುದು ಲೂಟಿ.

ಸರಿ, ದಾನ ಸುಳ್ಳಾಯಿತು. ಸಾವು ಸುಳ್ಳಾಗುತ್ತದೆಯೇ? ನಮ್ಮನ್ನು ಕಾಡುವ ಪ್ರಶ್ನೆ ಇದು. ಲೂಟಿಯ ರೊಕ್ಕದ ಹೆಸರು ಹೊತ್ತ ತುಕಡಿಯಲ್ಲಿ ಒಬ್ಬ ಹುಡುಗ ಸತ್ತರೆ ಅವನ ಸಾವಿಗೂ ಆ ಕೊಳೆ ಮೆತ್ತುತ್ತದೆಯೇ?

ಕೆಲವು ಗೆಳೆಯರು ಹೆಮ್ಮೆಯ ದಾರಿ ಹಿಡಿಯುತ್ತಾರೆ. 'ನೋಡ್ರಿ, ಹಿಟ್ಲರನ ಸೋಲಿಸಿದ್ದರಾಗ ನಮ್ಮ ಪಾಲೂ ಅದ. ನಮ್ಮ ಬೆವರಿನಿಂದ ಲಂಡನ್ ಉಳೀತು' ಎನ್ನುತ್ತಾರೆ. ಕೇಳಲು ಹಿತವಾಗಿದೆ. ಆದರೆ ಇದು ನಿಜಾಮ ಮಾಡಿದ ಕೆಲಸವೇ. ಅವನು ನಮ್ಮ ಬೆವರಿನ ಮೇಲೆ ತನ್ನ ಹೆಸರು ಬರೆದ. ನಾವು ಆ ಹುಡುಗನ ಸಾವಿನ ಮೇಲೆ ನಮ್ಮ ಹೆಸರು ಬರೆಯಲು ಹೊರಟಂತಾಯಿತು. 20 ವರ್ಷದವನು ಕೊಟ್ಟದ್ದು ತನ್ನ ಉಳಿದ ಆಯುಷ್ಯ. ಯಾವ ಕಂದಾಯದಿಂದಲೂ ಅದರಲ್ಲಿ ಪಾಲು ಕೊಳ್ಳಲಾಗದು. ಬೆವರಿನ ಲೆಕ್ಕ ಬೆವರಿಗೆ, ಜೀವದ ಲೆಕ್ಕ ಜೀವಕ್ಕೆ.

ಇನ್ನು ಕೆಲವರು ತಳ್ಳಿಹಾಕುತ್ತಾರೆ. 'ಅದು ಸಾಮ್ರಾಜ್ಯಶಾಹಿಗಳ ಯುದ್ಧ. ನಮ್ಮನ್ನು ತುಳಿದವರ ಪರವಾಗಿ ಸತ್ತವನಿಗೆ ನಾವು ಯಾಕೆ ಮರುಗಬೇಕು?' ಈ ಮಾತಿಗೆ ಬಲವಿದೆ. ಹೈದರಾಬಾದ್ ಹೆಸರಿನ ಆ 152ನೇ ಸ್ಕ್ವಾಡ್ರನ್ 1943ರ ಕೊನೆಗೆ ಭಾರತಕ್ಕೇ ಬಂದು ಆಮೇಲೆ ಇಂಫಾಲ, ಬರ್ಮಾಗಳ ಮೇಲೆ ಹಾರಿತು. ಅದೇ 1943ರಲ್ಲಿ ಬಂಗಾಳದಲ್ಲಿ ಬರಗಾಲ ಬಿದ್ದಿತ್ತು. 20ರಿಂದ 30 ಲಕ್ಷ ಮಂದಿ ಅನ್ನವಿಲ್ಲದೆ, ರೋಗದಿಂದ ಸತ್ತರು. ಸ್ವಾತಂತ್ರ್ಯಕ್ಕಾಗಿ ಯುದ್ಧ ಎನ್ನುತ್ತಿದ್ದ ಸರಕಾರಕ್ಕೆ ಅವರಿಗೆ ಅಕ್ಕಿ ಮುಟ್ಟಿಸಲು ಆಗಲಿಲ್ಲ. ಹಾಗೆ ಸತ್ತವರಲ್ಲಿ ಕೂಲಿಗಳು, ಬೆಸ್ತರು, ನಮ್ಮಂಥ ಕೆಳಗಿನವರೇ ಹೆಚ್ಚು. ಇದನ್ನು ಮರೆತು ಬ್ರಿಟಿಷರ ಯುದ್ಧವನ್ನು ಧರ್ಮಯುದ್ಧ ಎಂದು ಹೊಗಳಲು ನಮ್ಮಿಂದ ಆಗದು.

ಆದರೂ ತಳ್ಳಿಹಾಕುವುದು ಪೂರ್ತಿ ಖರೇ ಅಲ್ಲ. ಆ ಹುಡುಗನ ಗುಂಡು ಹೋದ ದಿಕ್ಕಿನಲ್ಲಿ ಏನಿತ್ತು ನೋಡಿ. ಹುಟ್ಟಿನಿಂದಲೇ ಒಬ್ಬ ಮೇಲು, ಇನ್ನೊಬ್ಬ ಕೀಳು ಎಂದು ಕಾನೂನು ಬರೆದ ರಾಜ್ಯ ಅದು. 1935ರ ನ್ಯೂರೆಂಬರ್ಗ್ ಕಾನೂನುಗಳು ಯಹೂದಿಗಳ ಪೌರತ್ವ ಕಿತ್ತುಕೊಂಡವು, ಅವರು ಯಾರನ್ನು ಮದುವೆಯಾಗಬಾರದು ಎಂದು ಅಪ್ಪಣೆ ಕೊಡಿಸಿದವು. ಇಂಥ ಅಪ್ಪಣೆ ನಮಗೆ ಹೊಸದೇ? ಅದಕ್ಕೂ ಎಂಟು ವರ್ಷ ಮೊದಲು, 1927ರ ಡಿಸೆಂಬರ್ 25ರಂದು, ಮಹಾಡದಲ್ಲಿ ಬಾಬಾಸಾಹೇಬರು ಮನುಸ್ಮೃತಿಗೆ ಬೆಂಕಿ ಇಡಿಸಿದ್ದು ಅದೇ ಬಗೆಯ ಬರಹದ ವಿರುದ್ಧ. ಆದ್ದರಿಂದಲೇ ಯುದ್ಧದ ಹೊತ್ತಿಗೆ ಬಾಬಾಸಾಹೇಬರು ಸುಲಭದ ಮಾತು ಆಡಲಿಲ್ಲ. ಬ್ರಿಟಿಷರು ನಮ್ಮ ವೈರಿಗಳು, ಆದ್ದರಿಂದ ಅವರ ವೈರಿ ನಮ್ಮ ಗೆಳೆಯ ಎನ್ನುವ ಲೆಕ್ಕ ಅವರಿಗೆ ಒಪ್ಪಿಗೆಯಾಗಲಿಲ್ಲ. 1941ರಲ್ಲಿ ನಮ್ಮ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿದ ಹಿಂದೆ ಅವರ ಒತ್ತಾಯ ಇತ್ತು. 1942ರಲ್ಲಿ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ಅವರು ನಾಜಿಗಳು ಗೆದ್ದರೆ ದುಡಿಯುವ ಮಂದಿಗೆ ಉಳಿಗಾಲವಿಲ್ಲ ಎಂಬ ನಿಲುವು ತಳೆದರು. ಆದರೆ ಯುದ್ಧ ಗೆದ್ದು ಹಳೆಯ ವ್ಯವಸ್ಥೆಯನ್ನೇ ಉಳಿಸಿಕೊಂಡರೆ ಏನು ಬಂತು ಎಂದೂ ಕೇಳಿದರು. ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿಯುವುದು ಕಷ್ಟದ ಕೆಲಸ. ನಮಗೆ ಆ ಕಷ್ಟವೇ ಬೇಕು.

ನಮ್ಮನ್ನು ಜೀತಕ್ಕೆ ಇಟ್ಟ ರಾಜ್ಯದ ಹೆಸರು ಹೊತ್ತ ತುಕಡಿಯ ಹುಡುಗ, ಹುಟ್ಟಿನಿಂದ ಮಂದಿಯನ್ನು ಅಳೆಯುವ ರಾಜ್ಯದ ವಿಮಾನವನ್ನು ಹೊಡೆದ. ಕೊಟ್ಟವನ ಉದ್ದೇಶ ಕೆಟ್ಟದ್ದು, ಹೊಡೆತ ಬಿದ್ದ ಜಾಗ ಸರಿಯಾದದ್ದು. ಒಂದು ಕೆಲಸದ ಬೆಲೆಯನ್ನು ಅದಕ್ಕೆ ರೊಕ್ಕ ಕೊಟ್ಟವನು ಗೊತ್ತುಮಾಡುವುದಿಲ್ಲ. ಹಾಗೆ ಗೊತ್ತುಮಾಡುತ್ತಾನೆ ಎಂದರೆ ದಣಿಯ ಹೊಲದಲ್ಲಿ ನಮ್ಮ ಹಿರಿಯರು ಬೆಳೆದ ಜೋಳವೂ ದಣಿಯಷ್ಟೇ ಕೆಟ್ಟದ್ದಾಗಬೇಕಿತ್ತು. ಅದು ಒಳ್ಳೆಯ ಜೋಳವೇ ಆಗಿತ್ತು.

ಇನ್ನು ಹೆಸರಿನ ಮಾತು. ಹಾಲೆಂಡ್ ಬಿದ್ದ ಸೀಮೆಯಲ್ಲಿ ಅವನ ಹೆಸರಿನ ಸ್ಮಾರಕ ನಿಲ್ಲಿಸಿದರು. ಬ್ರಿಟಿಷ್ ಸಾಮ್ರಾಜ್ಯದ ಯುದ್ಧದಲ್ಲಿ ಸತ್ತವರ ಗೋರಿಗಳನ್ನು ನೋಡಿಕೊಳ್ಳಲು 1917ರಲ್ಲೇ ಒಂದು ಆಯೋಗ ಹುಟ್ಟಿತ್ತು. ಅದರ ನಿಯಮ ನಮ್ಮನ್ನು ತಡೆದು ನಿಲ್ಲಿಸುತ್ತದೆ: ಸತ್ತವರಲ್ಲಿ ದರ್ಜೆ ಇಲ್ಲ, ಬಣ್ಣ ಇಲ್ಲ, ಧರ್ಮ ಇಲ್ಲ. ಜನರಲ್‌ಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ಊರ ಸ್ಮಶಾನ ಬೇರೆ, ಕೇರಿಯ ಸ್ಮಶಾನ ಬೇರೆ, ಎಷ್ಟೋ ಹಳ್ಳಿಗಳಲ್ಲಿ ಕೇರಿಗೆ ಸ್ಮಶಾನವೇ ಇಲ್ಲದೆ ಹಳ್ಳದ ದಂಡೆಯಲ್ಲಿ ಹೂಳುವ ನಾಡಿನಿಂದ ಬಂದ ನಮಗೆ ಒಂದೇ ಅಳತೆಯ ಕಲ್ಲು ಎಂಬ ಮಾತು ಎಷ್ಟು ದೊಡ್ಡದು! ಆದರೆ ಅದೂ ಪೂರ್ತಿ ನಡೆಯಲಿಲ್ಲ. ಮೊದಲನೆಯ ಯುದ್ಧದಲ್ಲಿ ಸತ್ತ ಆಫ್ರಿಕಾ, ಏಷ್ಯಾಗಳ ಮಂದಿಯಲ್ಲಿ 45,000ದಿಂದ 54,000 ಜನರನ್ನು ಸಮಾನವಾಗಿ ಸ್ಮರಿಸಲಿಲ್ಲ, ಕನಿಷ್ಠ 1,16,000 ಜನರ, ಬಹುಶಃ 3,50,000ದಷ್ಟು ಜನರ ಹೆಸರನ್ನು ಎಲ್ಲೂ ಬರೆದೇ ಇಲ್ಲ ಎಂದು ಆ ಆಯೋಗಕ್ಕಾಗಿ ನಡೆದ ತನಿಖೆಯೇ 2021ರಲ್ಲಿ ಹೇಳಿತು. ಆಯೋಗ ಕ್ಷಮೆ ಕೇಳಿತು. ಅಂದರೆ ಅಲ್ಲಿಯೂ ಒಂದು ಕೇರಿ ಇತ್ತು.

ಹೆಸರು ತಾನಾಗಿ ಕಲ್ಲಿಗೆ ಏರುವುದಿಲ್ಲ, ಬರೆಯುವವನೊಬ್ಬ ಬೇಕು. ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಗೆ ಹೋದವರು ತಿರುಗಿ ಬರಲಿಲ್ಲ. ಹಳೆಯ ಮಿಸ್ಟೇರ್ ವಿಮಾನದಲ್ಲಿ ಅವರು ಅತಿವೇಗದ ಸ್ಟಾರ್‌ಫೈಟರ್ ಒಂದನ್ನು ಕೆಡವಿ ಸತ್ತರು ಎಂಬುದು ಇಲ್ಲಿನವರಿಗೆ ಬಹಳ ಕಾಲ ಗೊತ್ತಾಗಲಿಲ್ಲ. 1979ರಲ್ಲಿ ಪಾಕಿಸ್ತಾನದ ಕಡೆಯ ಕತೆ ಹೇಳಿದ ಇಂಗ್ಲಿಷ್ ಲೇಖಕನೊಬ್ಬನ ಪುಸ್ತಕದಿಂದ ಸುಳಿವು ಸಿಕ್ಕಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ಅವರ ದೇಹವನ್ನು ಮಣ್ಣು ಮಾಡಿದವರು ಅಲ್ಲಿನ ಹಳ್ಳಿಯ ಮಂದಿ. ವಿಮಾನ ಹಾರುವುದು ಸರಕಾರಗಳ ಆಕಾಶದಲ್ಲಿ, ಬೀಳುವುದು ರೈತರ ಹೊಲದಲ್ಲಿ. ದೊಡ್ಡ ಅಧಿಕಾರಿಗೇ 23 ವರ್ಷ ಹಿಡಿಯಿತು ಎಂದರೆ ದಫ್ತರದಲ್ಲಿ ಹೆಸರೇ ಇಲ್ಲದವರ ಗತಿ ಏನು?

ಕಲ್ಲನ್ನು ಯಾರು ನಿಲ್ಲಿಸಿದರು ಎಂಬುದಕ್ಕಿಂತ ಯಾರು ಓದಿದರು ಎಂಬುದು ಕೆಲವು ಸಲ ದೊಡ್ಡದಾಗುತ್ತದೆ. ನಮ್ಮ ಯಾದಗಿರಿಯ ಮುಂದೆ ಹರಿಯುವ ಭೀಮಾ ನದಿಯ ಮೇಲ್ದಂಡೆಯಲ್ಲಿ ಕೋರೆಗಾಂವ್ ಇದೆ. 1818ರ ಜನವರಿ 1ರ ಕಾಳಗದಲ್ಲಿ ಸತ್ತವರಿಗಾಗಿ ಕಂಪನಿ ಸರಕಾರ ಅಲ್ಲಿ ಕಂಬ ನಿಲ್ಲಿಸಿತು. ನಿಲ್ಲಿಸಿದ್ದು ತನ್ನ ಗೆಲುವು ತೋರಿಸಲು. ಅದರಲ್ಲಿ ಕೆತ್ತಿದ 49 ಹೆಸರುಗಳಲ್ಲಿ 22 ಮಹಾರರವು. ಬ್ರಿಟಿಷ್ ಸರಕಾರ ಹತ್ತೊಂಬತ್ತನೆಯ ಶತಮಾನದ ಕೊನೆಗೆ, ನೀವು ಯೋಧ ಕುಲದವರಲ್ಲ ಎಂದು ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿತು. 1927ರ ಜನವರಿ 1ರಂದು ಬಾಬಾಸಾಹೇಬರು ಆ ಕಂಬದ ಮುಂದೆ ನಿಂತು ಅದನ್ನು ಬೇರೆ ರೀತಿಯಲ್ಲಿ ಓದಿದರು. ಕಂಪನಿಯ ಗೆಲುವನ್ನು ಬಿಟ್ಟು ನಮ್ಮವರ ಹೆಸರನ್ನು ಎತ್ತಿಕೊಂಡರು. ಹೀಗೆ ಓದುವುದನ್ನು ನಾವು ಕಲಿಯಬೇಕಾಗಿದೆ. 152ನೇ ಸ್ಕ್ವಾಡ್ರನ್ನಿನ ಲಾಂಛನದ ರುಮಾಲನ್ನೂ ಹಾಗೆ ಓದೋಣ. ಆ ರುಮಾಲು ನೇಯಲು ನೂಲು ಯಾರು ಕೊಟ್ಟರು, ಹತ್ತಿ ಯಾರು ಬಿಡಿಸಿದರು ಎಂದು ಕೇಳುತ್ತ ಓದೋಣ.

ಈ ಮಾತುಗಳು ಹಳೆಯ ಕಾಲಕ್ಕೆ ಮಾತ್ರ ಸೇರಿದವಲ್ಲ. ನಸುಕಿನಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಹುಡುಗರು ಓಡುವುದನ್ನು ನೋಡಿ. ಮಿಲಿಟರಿ ಭರ್ತಿಗೆ, ಪೊಲೀಸ್ ಭರ್ತಿಗೆ ಮೈ ಸಿದ್ಧಮಾಡುವವರು. ಅಪ್ಪ ಅವ್ವ ಗುಳೆ ಹೋಗಿ ಬೆಂಗಳೂರು, ಪುಣೆಗಳಲ್ಲಿ ಇಟ್ಟಿಗೆ ಹೊರುವಾಗ ಮಗ ಇಲ್ಲಿ ಓಡುತ್ತಾನೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯ ಪ್ರಕಾರ ಹದಿನೇಳೂವರೆ ವರ್ಷದಿಂದ ಭರ್ತಿ, ನಾಲ್ಕು ವರ್ಷದ ನೌಕರಿ, ಆಮೇಲೆ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಮುಂದುವರಿಕೆ. ಅವರ ವಯಸ್ಸು ಹಾಲೆಂಡನ ವಯಸ್ಸೇ. ಅವರು ಓಡುವುದು ದೇಶಪ್ರೇಮಕ್ಕೋ, ಪಗಾರಕ್ಕೋ ಎಂದು ಕುರ್ಚಿಯಲ್ಲಿ ಕೂತು ತೀರ್ಪು ಕೊಡುವವರ ಮೇಲೆ ನಮಗೆ ಸಿಟ್ಟಿದೆ. ಯೂನಿಫಾರಂ ಹಾಕಿಕೊಂಡು ಊರಿಗೆ ಬಂದರೆ ಚಹಾದ ಅಂಗಡಿಯಲ್ಲಿ ಬೇರೆ ಕಪ್ಪು ಇಡುವುದಿಲ್ಲ ಎಂಬ ಆಸೆಯೂ ಆ ಓಟದಲ್ಲಿ ಇದೆ. ಮನುಷ್ಯನಂತೆ ಕಾಣಿಸಿಕೊಳ್ಳಲು ಜೀವ ಒಡ್ಡಬೇಕಾದ ವ್ಯವಸ್ಥೆ ತನ್ನ ಮುಖ ತಾನು ನೋಡಿಕೊಳ್ಳಲಿ.

ಹುತಾತ್ಮ ಎಂಬ ಪದವನ್ನು ಹಂಚುವ ಅಧಿಕಾರವೂ ಅದರ ಕೈಯಲ್ಲೇ ಇದೆ. ಗಡಿಯಲ್ಲಿ ಸತ್ತವನು ಹುತಾತ್ಮ, ಸರಿ. ನಗರದ ಮಲದ ಗುಂಡಿಗೆ ಇಳಿದು ವಿಷಗಾಳಿ ಕುಡಿದು ಸತ್ತವನು? ಅವನೂ ನಗರ ಉಳಿಯಲಿ ಎಂದೇ ಇಳಿದವನು. 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೊಂದು. ಸತ್ತವನ ಮನೆಗೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ ಎಂದಿತು, 2023ರಲ್ಲಿ 30 ಲಕ್ಷ ಎಂದಿತು. ರೊಕ್ಕದ ಅಂಕಿ ಬೆಳೆಯಿತು, ಕಲ್ಲಿನ ಮೇಲೆ ಹೆಸರು ಮಾತ್ರ ಬರಲಿಲ್ಲ. ದನ ಕಾಯಲು ಹೋಗಿ, ಊರು ಉಳಿಸಲು ಹೋಗಿ ಸತ್ತವರಿಗೂ ವೀರಗಲ್ಲು ನಿಲ್ಲಿಸಿದ ನಾಡು ಇದು. ಗುಂಡಿಯಲ್ಲಿ ಸತ್ತವನಿಗೆ ಒಂದು ಗೇಣು ಕಲ್ಲು ಸಿಗಲಿಲ್ಲ.

ಹಾಗಾದರೆ ಸಿಡ್ನಿಯ ಹುಡುಗನಿಗೆ ನಾವು ಮರುಗಬೇಕೋ ಬೇಡವೋ? ಇದಕ್ಕೆ ಉತ್ತರ ನಮ್ಮ ಹಲಗೆಯಲ್ಲಿದೆ. ಊರಿನಲ್ಲಿ ಯಾರೇ ಸಾಯಲಿ, ಸುದ್ದಿ ಮುಟ್ಟಿಸಲು ಓಡಿದವರು ನಮ್ಮವರು. ಕುಣಿ ತೋಡಿದವರು, ಕಟ್ಟಿಗೆ ಒಡೆದವರು, ಹೆಣದ ಮುಂದೆ ಹಲಗೆ ಬಡಿದವರು ನಮ್ಮವರು. ಅದು ಬಿಟ್ಟಿ ಚಾಕರಿ. ಬಡಿಯಲ್ಲ ಎನ್ನುವ ಹಕ್ಕು ಇರಲಿಲ್ಲ. ಅಂದರೆ ನಮ್ಮಿಂದ ಜೋಳ, ರಟ್ಟೆ ಅಷ್ಟನ್ನೇ ಅಲ್ಲ, ದುಃಖವನ್ನೂ ವಸೂಲು ಮಾಡಿದರು. ನಮ್ಮ ಮನೆಯಲ್ಲಿ ಹೆಣ ಬಿದ್ದಾಗ ಊರು ಬಾಗಿಲು ಹಾಕಿಕೊಂಡಿತು. ಕೇಳದೆ ಕಿತ್ತುಕೊಂಡದ್ದು ಹೇಗೆ ದಾನ ಅಲ್ಲವೋ, ಹೊಡೆದು ಬಡಿಸಿದ ಹಲಗೆ ಶೋಕ ಅಲ್ಲ, ಹೆದರಿಸಿ ಪಡೆದ ನಿಷ್ಠೆ ನಿಷ್ಠೆ ಅಲ್ಲ. ಇಲ್ಲ ಎನ್ನಲು ಬರುವವನು ಮಾತ್ರ ಹೌದು ಎನ್ನಬಲ್ಲ.

ನಾವು ಇಂದು ಇಲ್ಲ ಎನ್ನಬಲ್ಲೆವು. ಹಲಗೆ ಬಡಿಯುವುದಿಲ್ಲ ಎಂದು ಎಷ್ಟೋ ಊರುಗಳಲ್ಲಿ ನಮ್ಮವರು ಹೇಳಿದ್ದಾರೆ, ಅದಕ್ಕಾಗಿ ಬಹಿಷ್ಕಾರ ಉಂಡಿದ್ದಾರೆ. ಆ ಬೆಲೆ ಕೊಟ್ಟು ಬಂದ ಸ್ವಾತಂತ್ರ್ಯದಲ್ಲಿ ನಿಂತು, ಯಾರ ಅಪ್ಪಣೆಯೂ ಇಲ್ಲದೆ, ಯಾವ ದೊರೆಯ ರುಮಾಲಿಗೂ ಸಲಾಮು ಹೊಡೆಯದೆ, ನಾವು ಕೆನೆತ್ ಹಾಲೆಂಡ್ ಎಂಬ 20 ವರ್ಷದ ಹುಡುಗನಿಗೆ ಮರುಗುತ್ತೇವೆ. ಅವನ ಸಾಮ್ರಾಜ್ಯಕ್ಕಲ್ಲ, ನಮ್ಮ ಹಳೆಯ ದೊರೆಯ ಮಿತ್ರನಿಗಲ್ಲ, ಆ ಹುಡುಗನಿಗೆ. ಅವನನ್ನು ಹೊಡೆದು ತಾನೂ ನೆಲಕ್ಕೆ ಬಿದ್ದ ವಿಮಾನದ ಹುಡುಗರಿಗೂ ಮರುಗುವ ಹಕ್ಕು ನಮಗಿದೆ. ಅವರು ಹೊತ್ತ ಧ್ವಜವನ್ನು ಮಾತ್ರ ಎಂದೂ ಕ್ಷಮಿಸೆವು.

ಮರುಕ ಒಂದು ಕೈ, ಲೆಕ್ಕ ಇನ್ನೊಂದು ಕೈ. ಗೆಳೆಯರೇ, ನಾವು ನಮ್ಮ ಮನೆಗಳಲ್ಲಿ ಮೊದಲ ಸಲ ಪದವಿ ತನಕ ಓದಿದವರು. ನಮ್ಮ ಹಿರಿಯರ ಹೆಸರು ಬರೆದ ದಫ್ತರ ಒಂದೇ, ದಣಿಯ ಸಾಲದ ವಹಿ. ನಿಜಾಮನ ಕಾಲದಲ್ಲಿ ಯಾರ ಮನೆಯಲ್ಲಿ ಯಾರು ಜೀತಕ್ಕಿದ್ದರು, ಎಷ್ಟು ಚೀಲ ಜೋಳ ಲೇವಿಗೆ ಹೋಯಿತು, ಯಾವ ವರ್ಷ ಯಾರು ಊರು ಬಿಟ್ಟರು, ಇದನ್ನೆಲ್ಲ ಕಣ್ಣಾರೆ ಕಂಡವರು ಈಗ ತೊಂಬತ್ತು ದಾಟಿದ್ದಾರೆ. ಕೇರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಕವಿತೆ ಆಮೇಲೆ ಬರೆಯೋಣ. ಈ ವಾರ ಒಂದು ನೋಟ್‌ಬುಕ್ ಹಿಡಿದು ಅವರ ಹತ್ತಿರ ಕೂಡೋಣ. 'ಆಯಿ, ನಿಮ್ಮಪ್ಪನ ಹೆಸರೇನು? ಯಾರ ಹೊಲದಾಗ ದುಡೀತಿದ್ದ?' ಎಂದು ಕೇಳೋಣ. ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳೋಣ, ಹೆಸರು ಮೊದಲು.